ಕನ್ನಡಕ ಬಿಡುವ ಮುಂಚೆ ನಿಮ್ಮ ಕಣ್ಣಿನ ಲೆಕ್ಕ ಕೇಳಿ

ಮದುವೆ ಮನೆ ಅಡುಗೆ ನನ್ನ ಕಸುಬು. ಶಿರಸಿ ಸುತ್ತಮುತ್ತ ಹದಿನಾರು ವರ್ಷದಿಂದ ಇದೇ ಕೆಲಸ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ಕನ್ನಡಕದ ತುಂಬ ಹಬೆ. ಎರಡೂ ಕೈ ಹಿಟ್ಟಾಗಿರುತ್ತದೆ, ಭುಜಕ್ಕೆ ಒರೆಸಿಕೊಳ್ಳಬೇಕು. ಒಮ್ಮೆ ಬಗ್ಗಿ ಉಪ್ಪು ನೋಡುವಾಗ ಕನ್ನಡಕ ಸೀದಾ ಸಾರಿನ ಕೊಪ್ಪರಿಗೆಗೆ ಬಿತ್ತು. "ಭಟ್ರೇ, ಇವತ್ತು ಸಾರಿಗೂ ಪವರ್ ಬಂತು" ಎಂದು ಹುಡುಗರೆಲ್ಲ ನಕ್ಕರು. ಅವತ್ತೇ ತೀರ್ಮಾನ ಮಾಡಿದೆ, ಕನ್ನಡಕ ಬಿಡಿಸುವ ಸರ್ಜರಿ ಮಾಡಿಸಿಯೇ ಬಿಡುವುದು ಅಂತ. ನನಗಾಗ 34. ಎರಡೂ ಕಣ್ಣಿಗೆ ಮೈನಸ್ 6.5, ಜೊತೆಗೆ ಸ್ವಲ್ಪ ಸಿಲಿಂಡರ್ ಪವರ್, ಅಂದರೆ ಗುಡ್ಡೆಯ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಕೊಡುವ ಪವರ್.

ಮೊದಲು ಹೋದ ಕಡೆ ಇಪ್ಪತ್ತೇ ನಿಮಿಷದಲ್ಲಿ ಎಲ್ಲ ಮುಗಿಯಿತು. "ಹಬ್ಬದ ಆಫರ್ ಇದೆ ಸರ್, ಈ ವಾರವೇ ಲ್ಯಾಸಿಕ್ ಮಾಡಿಸಿಕೊಳ್ಳಿ" ಎಂದರು. ಲ್ಯಾಸಿಕ್ ಅಂದರೆ ಲೇಸರಿನಿಂದ ಪವರ್ ತೆಗೆಯುವ ಸರ್ಜರಿ. ಕಣ್ಣಿಗೆ ಡ್ರಾಪ್ಸ್ ಹಾಕಿ ಒಳಗೆ ನೋಡಲೇ ಇಲ್ಲ. ನನಗೆ ಅನುಮಾನ ಬಂತು. ಬೇಳೆ ನೋಡದೆ ನೀರಿನ ಅಳತೆ ಹೇಳಿದ ಹಾಗಾಯಿತಲ್ಲ!

ಎರಡನೇ ಸಲ ಹುಬ್ಬಳ್ಳಿಗೆ ಹೋದೆ. ಅಲ್ಲಿ ಅರ್ಧ ದಿನ ಬೇಕಾಯಿತು. ನೀವೂ ಅಷ್ಟು ಪುರುಸೊತ್ತು ಮಾಡಿಕೊಂಡೇ ಹೋಗಿ. ಡ್ರಾಪ್ಸ್ ಹಾಕಿದ ಮೇಲೆ ಕೆಲವು ತಾಸು ಎಲ್ಲ ಮಂಜು ಮಂಜು, ಬಿಸಿಲು ಚುಚ್ಚುತ್ತದೆ. ಬೈಕ್ ಒಯ್ಯಬೇಡಿ, ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ. ಕಾಂಟ್ಯಾಕ್ಟ್ ಲೆನ್ಸ್ ಹಾಕುವವರು ಎಷ್ಟು ದಿನ ಮುಂಚೆ ಬಿಡಬೇಕು ಅಂತ ಫೋನಿನಲ್ಲೇ ಕೇಳಿಕೊಳ್ಳಿ. ಮೆತ್ತನೆಯ ಲೆನ್ಸ್‌ಗೆ ಸಾಮಾನ್ಯವಾಗಿ ಒಂದೆರಡು ವಾರ ಹೇಳುತ್ತಾರೆ, ಗಟ್ಟಿ ಲೆನ್ಸ್‌ಗೆ ಇನ್ನೂ ಜಾಸ್ತಿ. ಹಾಕಿಕೊಂಡೇ ಹೋದರೆ ಕಪ್ಪುಗುಡ್ಡೆಯ ಮೇಲ್ಪದರದ ಅಳತೆ ತಪ್ಪಾಗುತ್ತದೆ.

ಅಲ್ಲಿನ ಡಾಕ್ಟ್ರು ಮೇಡಂಗೆ ನಾನು ಕೇಳಿದ್ದು ಒಂದೇ ಮಾತು: "ಯಾವ ಸರ್ಜರಿ ಒಳ್ಳೇದು ಮೇಡಂ?" ಅವರು ನಕ್ಕು, "ಮೊದಲು ನಿಮ್ಮ ಕಣ್ಣು ಏನು ಹೇಳುತ್ತೆ ನೋಡೋಣ" ಎಂದು ಚೀಟಿಯ ಹಿಂದೆ ಲೆಕ್ಕ ಬರೆದರು. ಆ ಲೆಕ್ಕ ನಿಮಗೂ ಗೊತ್ತಿರಲಿ.

ಕಾರ್ನಿಯಾ ಅಂದರೆ ಕಪ್ಪುಗುಡ್ಡೆಯ ಮೇಲಿನ ಗಾಜಿನಂಥ ಪದರ. ದಪ್ಪ ಸಾಮಾನ್ಯವಾಗಿ 540 ಮೈಕ್ರಾನ್ ಆಸುಪಾಸು, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಜಾಸ್ತಿ. ನನ್ನದು ಬರೀ 492. ಲ್ಯಾಸಿಕ್‌ನಲ್ಲಿ ಮೊದಲು ಮೇಲಿನ ಒಂದು ತೆಳು ಪದರವನ್ನು ಪುಸ್ತಕದ ಹಾಳೆಯಂತೆ ಮಗುಚುತ್ತಾರೆ. ಅದಕ್ಕೆ 110 ಮೈಕ್ರಾನ್ ಹೋಯಿತು. ಆಮೇಲೆ ಒಂದೊಂದು ಪವರಿಗೆ ಸುಮಾರು 15 ಮೈಕ್ರಾನ್ ಲೇಸರಿನಿಂದ ಕರಗಿಸುತ್ತಾರೆ. ಆರೂವರೆ ಪವರಿಗೆ 98. ಉಳಿದದ್ದು 284. ಕೆಳಗೆ 250ಕ್ಕಿಂತ ಕಡಿಮೆ ಉಳಿಯಲೇಬಾರದು, 300 ಇದ್ದರೆ ಮೇಲು ಅನ್ನುತ್ತಾರೆ. ತೀರಾ ತೆಳುವಾದರೆ ಒಳಗಿನ ಒತ್ತಡಕ್ಕೆ ಕಾರ್ನಿಯಾ ಮುಂದಕ್ಕೆ ಉಬ್ಬಬಹುದು. ಆಗ ಕನ್ನಡಕ ಹಾಕಿದರೂ ದೃಷ್ಟಿ ಸರಿಹೋಗುವುದು ಕಷ್ಟ. ನನ್ನದು ಅಂಚಿನಲ್ಲಿತ್ತು. ಆಫರ್ ಕೊಟ್ಟವರು ಇದನ್ನು ಹೇಳಿರಲೇ ಇಲ್ಲ.

ಲೇಸರಿನ ಇನ್ನೊಂದು ಬಗೆ ಸ್ಮೈಲ್. ಇದರಲ್ಲಿ ಪದರ ಮಗುಚುವುದಿಲ್ಲ. ಲೇಸರಿನಿಂದ ಕಾರ್ನಿಯಾದ ಒಳಗೇ ಒಂದು ಸಣ್ಣ ಬಿಲ್ಲೆ ಕೊರೆದು, ಎರಡರಿಂದ ನಾಲ್ಕು ಮಿಲಿಮೀಟರಿನ ಸೀಳಿನಿಂದ ಎಳೆದು ತೆಗೆಯುತ್ತಾರೆ. ಕಣ್ಣು ಒಣಗುವುದು ಲ್ಯಾಸಿಕ್‌ಗಿಂತ ಕಡಿಮೆ. ಕಬಡ್ಡಿ, ಕುಸ್ತಿ ಆಡುವವರಿಗೆ ಪದರ ಸರಿಯುವ ಭಯವೂ ಇಲ್ಲ. ಆದರೆ ದಪ್ಪದ ಲೆಕ್ಕದಲ್ಲಿ ನನಗೆ ಲ್ಯಾಸಿಕ್‌ಗೂ ಅದಕ್ಕೂ ಅಂಥ ವ್ಯತ್ಯಾಸ ಬರಲಿಲ್ಲ.

ಮೂರನೇ ಬಗೆ ಪಿಆರ್‌ಕೆ. ಇದು ಹಳೆಯದು, ಲ್ಯಾಸಿಕ್‌ಗಿಂತ ಮುಂಚಿನದು. ಕಾರ್ನಿಯಾದ ಮೇಲ್ಚರ್ಮ ಕೆರೆದು ನೇರವಾಗಿ ಲೇಸರ್ ಹೊಡೆಯುತ್ತಾರೆ. ಮೇಲ್ಚರ್ಮ ನಾಲ್ಕೈದು ದಿನದಲ್ಲಿ ತಾನೇ ಬೆಳೆಯುತ್ತದೆ. ಹಾಗಾಗಿ ತೆಳು ಕಾರ್ನಿಯಾಕ್ಕೆ ಇದು ವಾಸಿ. ಮೇಲ್ಚರ್ಮದ ಸುಮಾರು 50 ಕಳೆದರೂ ನನಗೆ 344 ಮೈಕ್ರಾನ್ ಉಳಿಯುತ್ತಿತ್ತು. ಖರ್ಚೂ ಕಡಿಮೆ. ಆದರೆ ಆ ನಾಲ್ಕೈದು ದಿನ ಕಣ್ಣಿಗೆ ಖಾರ ಬಿದ್ದಂಥ ಉರಿ. ದೃಷ್ಟಿ ಪೂರ್ತಿ ತಿಳಿಯಾಗಲು ವಾರಗಟ್ಟಲೆ ಬೇಕು. ಪವರ್ ಜಾಸ್ತಿ ಇದ್ದರೆ ಮಸುಕು ಕಟ್ಟುವ ಸಂಭವವೂ ಜಾಸ್ತಿ. ಮೈನಸ್ ಮೂರೋ ನಾಲ್ಕೋ ಇದ್ದಿದ್ದರೆ ನಾನು ಇದನ್ನೇ ಹಿಡಿಯುತ್ತಿದ್ದೆ.

ಇಷ್ಟರಲ್ಲಿ ಮೇಡಂ ಕೇಳಿದರು, "ನಿಮ್ಮ ಕೆಲಸ ಏನು?" ಕಟ್ಟಿಗೆ ಒಲೆ, ಹೊಗೆ, ಮೆಣಸಿನ ಘಾಟು ಎಲ್ಲ ಹೇಳಿದೆ. ಕಣ್ಣಂಚಿಗೆ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಕೂರಿಸಿದರು. ಹತ್ತು ಮಿಲಿಮೀಟರಾದರೂ ಒದ್ದೆಯಾಗಬೇಕಂತೆ. ನನ್ನದು ಆರಕ್ಕೇ ನಿಂತಿತು. ದಿನಾ ಈರುಳ್ಳಿ ಮುಂದೆ ಅಳುವವನಿಗೆ ಕಣ್ಣೀರು ಕಡಿಮೆ! ಲೇಸರ್ ಕಾರ್ನಿಯಾದ ನರಗಳನ್ನು ಕತ್ತರಿಸುವುದರಿಂದ ಒಣಗುವುದು ಇನ್ನೂ ಹೆಚ್ಚುತ್ತದೆ. ಆದ್ದರಿಂದ ನಿಮ್ಮ ಕೆಲಸ ಏನೆಂದು ಡಾಕ್ಟ್ರು ಕೇಳದಿದ್ದರೂ ನೀವೇ ಹೇಳಿ. ಇಡೀ ದಿನ ಎ.ಸಿ. ರೂಮಿನಲ್ಲಿ ಕಂಪ್ಯೂಟರ್ ನೋಡುವವರಿಗೂ ಇದೇ ಮಾತು.

ಉಳಿದದ್ದು ಐಸಿಎಲ್. ಕಣ್ಣಿನ ಒಳಗೆ, ಬಣ್ಣದ ಪರದೆಯ ಹಿಂದೆ, ನಮ್ಮದೇ ಲೆನ್ಸಿನ ಮುಂದೆ ಒಂದು ತೆಳು ಲೆನ್ಸ್ ಕೂರಿಸುವುದು. ಕಾರ್ನಿಯಾ ಕೆತ್ತುವುದೇ ಇಲ್ಲ. ಬೇಡವೆಂದರೆ ಹೊರತೆಗೆಯಲೂ ಬರುತ್ತದೆ. ಅದಕ್ಕೂ ಜಾಗ ಇರಬೇಕು, ಕಾರ್ನಿಯಾಕ್ಕೂ ನಮ್ಮ ಲೆನ್ಸಿಗೂ ನಡುವಿನ ಆಳ ಹೆಚ್ಚುಕಡಿಮೆ ಮೂರು ಮಿಲಿಮೀಟರ್. ನನ್ನದು 3.2 ಇತ್ತು. ಇದರಲ್ಲೂ ಅಪಾಯ ಇಲ್ಲದಿಲ್ಲ: ಸೋಂಕು, ಕಣ್ಣಿನ ಒತ್ತಡ ಏರುವುದು, ಬೇಗ ಪೊರೆ ಬರುವುದು, ಲೆನ್ಸ್ ಅಳತೆ ಸರಿಬರದೆ ಬದಲಿಸಬೇಕಾಗುವುದು. ಎಲ್ಲವನ್ನೂ ಬಿಡಿಸಿ ಕೇಳಿ. ಖರ್ಚು ನನಗೆ ಲ್ಯಾಸಿಕ್‌ನ ಎರಡು ಪಟ್ಟಿಗಿಂತ ಜಾಸ್ತಿ ಬಂತು. ವಿಮೆ ಇದೆಯಲ್ಲ ಅಂದುಕೊಂಡಿದ್ದೆ. ಪವರ್ 7.5ಕ್ಕಿಂತ ಕಡಿಮೆ ಇದ್ದರೆ ಕೊಡುವುದಿಲ್ಲ ಅಂತ ಪಾಲಿಸಿಯಲ್ಲೇ ಬರೆದಿತ್ತು. ಒಂದೇ ಪವರಲ್ಲಿ ತಪ್ಪಿತು ನೋಡಿ.

ಡ್ರಾಪ್ಸ್ ಹಾಕಿ ನೋಡಿದಾಗ ಎಡಗಣ್ಣಿನ ರೆಟಿನಾ, ಅಂದರೆ ಗುಡ್ಡೆಯ ಹಿಂಬದಿಯ ಪರದೆಯ ಅಂಚಿನಲ್ಲಿ ಸಣ್ಣ ತೂತು ಸಿಕ್ಕಿತು. ಮೈನಸ್ ಪವರ್ ಜಾಸ್ತಿ ಇರುವವರ ಗುಡ್ಡೆ ಉದ್ದವಾಗಿರುತ್ತದೆ, ರೆಟಿನಾ ಎಳೆದುಕೊಂಡಿರುತ್ತದೆ. ಮೊದಲು ಅದರ ಸುತ್ತ ಲೇಸರ್ ಹಾಕಿ ಭದ್ರ ಮಾಡಿದರು, ಕೆಲವು ವಾರ ಬಿಟ್ಟು ಮುಂದಿನದು. ಕನ್ನಡಕ ಹೋದರೂ ಗುಡ್ಡೆಯ ಉದ್ದ ಹಾಗೇ ಇರುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ರೆಟಿನಾ ತೋರಿಸುವುದು ತಪ್ಪಲಿಲ್ಲ.

ಮನೆಯಲ್ಲಿ ಇನ್ನಿಬ್ಬರು ಸಾಲಿನಲ್ಲಿದ್ದರು. ಅಕ್ಕನಿಗೆ 43, ಮೈನಸ್ 2. ಅವಳು ಅಕ್ಕಿ ಆರಿಸುವಾಗ, ಪೇಪರ್ ಓದುವಾಗ ಕನ್ನಡಕ ತೆಗೆದಿಡುತ್ತಾಳೆ. ಸರ್ಜರಿ ಆದರೆ ದೂರದ್ದು ಚೆನ್ನಾಗಿ ಕಾಣುತ್ತದೆ, ಹತ್ತಿರಕ್ಕೆ ಕನ್ನಡಕ ಬೇಕಾಗುತ್ತದೆ. ಕೇಳಿದ್ದೇ ತಡ, "ಬ್ಯಾಡ ಮಾರಾಯ" ಎಂದಳು. ಅವಳ ಮಗನಿಗೆ 19. ಪವರ್ ಇನ್ನೂ ಏರುತ್ತಿದೆ. ಒಂದು ವರ್ಷವಾದರೂ ಒಂದೇ ಕಡೆ ನಿಲ್ಲಬೇಕು. ಮೇಲಾಗಿ ಅವನಿಗೆ ರೈಲ್ವೆಯ ಲೋಕೋ ಪೈಲಟ್ ಆಗುವ ಆಸೆ. ಲ್ಯಾಸಿಕ್ ಮಾಡಿಸಿಕೊಂಡವರನ್ನು ಆ ಹುದ್ದೆಗೆ ತೆಗೆದುಕೊಳ್ಳುವುದಿಲ್ಲ. ಪೊಲೀಸ್, ಸೇನೆ ಅಂತ ಓಡಾಡುವ ಹುಡುಗರು ಮೊದಲು ನೇಮಕಾತಿಯ ನಿಯಮ ಓದಿ, ಆಮೇಲೆ ಆಸ್ಪತ್ರೆಗೆ ಹೋಗಿ.

ಐಸಿಎಲ್ ಮಾಡಿಸಲು ನಾನು ಆಷಾಢಕ್ಕೆ ಕಾದೆ. ಮದುವೆ ಇಲ್ಲ, ಒಲೆ ತಣ್ಣಗಿರುತ್ತದೆ. ಒಂದೊಂದು ಕಣ್ಣಿಗೆ ಇಪ್ಪತ್ತು ನಿಮಿಷ, ಮರಗಟ್ಟಿಸಲು ಬರೀ ಡ್ರಾಪ್ಸ್. ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ, ಒತ್ತಿದ ಹಾಗೆ ಅನಿಸಿತು ಅಷ್ಟೆ. ಮರುದಿನ ಬೆಳಗ್ಗೆ ವಾರ್ಡಿನ ಗೋಡೆ ಗಡಿಯಾರದ ಸೆಕೆಂಡ್ ಮುಳ್ಳು ಮಲಗಿದಲ್ಲಿಂದಲೇ ಕಂಡಿತು. ರಾತ್ರಿ ದೀಪದ ಸುತ್ತ ಬಳೆ ಬಳೆ ಕಾಣುತ್ತಿತ್ತು. ಎರಡು ತಿಂಗಳಿಗೆ ಅದನ್ನು ಗಮನಿಸುವುದೇ ಬಿಟ್ಟೆ. ನಾಲ್ಕು ವಾರ ಹೊಗೆ ಹತ್ತಿರ ಹೋಗಬೇಡಿ, ಕಣ್ಣು ಉಜ್ಜಬೇಡಿ ಎಂದಿದ್ದರು. ಮೊದಲನೆಯದು ಸುಲಭ. ಎರಡನೆಯದಕ್ಕೆ ಹೆಂಡತಿ ಕಾವಲು ಕೂತಳು.

ಈಗ ಇಡ್ಲಿ ಪಾತ್ರೆ ತೆಗೆದರೆ ಹಬೆ ಮುಖಕ್ಕೇ ಬರುತ್ತದೆ. ಒಂದು ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಇಷ್ಟು ವರ್ಷ ಎಣ್ಣೆ ಸಿಡಿದದ್ದು ಕನ್ನಡಕಕ್ಕೆ ಬೀಳುತ್ತಿತ್ತು. ಹೀಗಾಗಿ ಬಜ್ಜಿ ಬಾಣಲೆ ಮುಂದೆ ನಿಂತಾಗ ಪವರ್ ಇಲ್ಲದ ಒಂದು ಕನ್ನಡಕ ಹಾಕಿಕೊಳ್ಳುತ್ತೇನೆ. ಹುಡುಗರು ನಗುತ್ತಾರೆ, ನಗಲಿ.