ಕನ್ನಡ ವಾಕ್ಯಗಳಲ್ಲಿ ನಿರ್ಧಾರಕಗಳನ್ನು ಗುರುತಿಸಿದ ಬಗೆ: ನನ್ನ ಅನುಭವ

ಕನ್ನಡ ವಾಕ್ಯಗಳ ಪ್ರತಿಯೊಂದು ಪದಕ್ಕೂ ವ್ಯಾಕರಣ ವರ್ಗದ ಗುರುತು ಹಚ್ಚುವ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಯೋಚಿಸಬೇಕಾಗಿ ಬಂದದ್ದು ಡಿಟರ್ಮಿನರ್, ಅಂದರೆ ನಾಮಪದದ ಜೊತೆ ಬಂದು ಅದು ಯಾವುದು, ಎಷ್ಟು ಎಂದು ಸೂಚಿಸುವ ನಿರ್ಧಾರಕ ಎಂಬ ವರ್ಗದ ಬಗ್ಗೆ. ನಾನು ಅನುಸರಿಸುತ್ತಿದ್ದ, ಬೇರೆ ಬೇರೆ ಭಾಷೆಗಳಿಗೆ ಒಂದೇ ಬಗೆಯ ವ್ಯಾಕರಣ ಗುರುತುಗಳನ್ನು ಬಳಸುವ ಯೂನಿವರ್ಸಲ್ ಡಿಪೆಂಡೆನ್ಸೀಸ್ ಪದ್ಧತಿಯ 17 ವರ್ಗಗಳಲ್ಲಿ ಅದಕ್ಕೆ ಪ್ರತ್ಯೇಕ ಸ್ಥಾನವಿದೆ. ನಮ್ಮ ಶಾಲಾ ವ್ಯಾಕರಣದಲ್ಲಿ ಇಲ್ಲ. ಅಲ್ಲಿ ‘ಆ ಕಲ್ಲು’, ‘ಈ ಹುಡುಗ’ ಎಂಬುವು ಗಮಕ ಸಮಾಸಗಳು. ‘ಅದು’, ‘ಇವನು’ ಎಂಬ ಸರ್ವನಾಮಗಳೇ ಪೂರ್ವಪದವಾದಾಗ ‘ಆ’, ‘ಈ’ ಎಂದಾಗುತ್ತವೆ ಎಂಬುದು ವಿವರಣೆ.

ಇಂಗ್ಲಿಷಿನ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಸಮಾನಪದಗಳಿಗೆ ಗುರುತು ಹಚ್ಚುವುದು ಸುಲಭವಾಗಿತ್ತು, ಆದರೆ ಅದರಿಂದ ಕನ್ನಡದ ರಚನೆ ತಿಳಿಯುವುದಿಲ್ಲವಾದ್ದರಿಂದ ವಿಭಕ್ತಿ ಪ್ರತ್ಯಯವನ್ನೇ ಮೊದಲ ಪರೀಕ್ಷೆಯಾಗಿ ಇಟ್ಟುಕೊಂಡೆ. ‘ಆ’, ‘ಈ’, ‘ಯಾವ’ ಎಂಬುವು ಪ್ರತ್ಯಯವನ್ನು ಪಡೆಯುವುದಿಲ್ಲ, ನಾಮಪದವಿಲ್ಲದೆ ನಿಲ್ಲುವುದೂ ಇಲ್ಲ. ಇವು ನಿಸ್ಸಂದೇಹವಾಗಿ ನಿರ್ಧಾರಕಗಳು. ‘ಕೆಲವು’, ‘ಎಲ್ಲ’ ಹಾಗಲ್ಲ. ‘ಕೆಲವನ್ನು’, ‘ಎಲ್ಲರಿಗೂ’ ಎಂದು ಸ್ವತಂತ್ರವಾಗಿ ನಿಂತಾಗ ಅವನ್ನು ಸರ್ವನಾಮವೆಂದೂ, ನಾಮಪದಕ್ಕಿಂತ ಮೊದಲು ಬಂದಾಗ ನಿರ್ಧಾರಕವೆಂದೂ ಗುರುತಿಸಿದೆ. ‘ಹುಡುಗರೆಲ್ಲ ಬಂದರು’ ಎಂಬಲ್ಲಿ ‘ಎಲ್ಲ’ ನಾಮಪದದ ನಂತರ ಬಂದು ಅದಕ್ಕೇ ಅಂಟಿಕೊಂಡಿರುವುದರಿಂದ, ಎರಡನ್ನೂ ಬಿಡಿಸಿ ಬರೆದು ‘ಎಲ್ಲ’ ಎಂಬುದನ್ನು ನಿರ್ಧಾರಕವಾಗಿಯೇ ಉಳಿಸಿದೆ. ‘ನನ್ನ’, ‘ನಿಮ್ಮ’ ಎಂಬ ಷಷ್ಠಿಯ ರೂಪಗಳನ್ನು ಸೇರಿಸಲಿಲ್ಲ. ‘ನನ್ನ ಆ ಪುಸ್ತಕ’, ‘ಆ ನನ್ನ ಗೆಳೆಯ’ ಎರಡೂ ಸಲ್ಲುವ ಭಾಷೆಯಲ್ಲಿ ಅವು ‘ಆ’ ಎಂಬುದರ ಸ್ಥಾನಕ್ಕೆ ಪೈಪೋಟಿ ಮಾಡುವುದಿಲ್ಲ.

ನಿಜವಾದ ತೊಡಕು ‘ಒಂದು’ ಎಂಬುದರದು. ‘ಒಂದು ಊರಿನಲ್ಲಿ ಒಬ್ಬ ರಾಜನಿದ್ದ’ ಎನ್ನುವಾಗ ಯಾರೂ ಊರನ್ನು ಎಣಿಸುತ್ತಿರುವುದಿಲ್ಲ, ಅನಿರ್ದಿಷ್ಟತೆಯನ್ನು ಸೂಚಿಸುತ್ತಾರೆ ಅಷ್ಟೆ. ಆದರೂ ರೂಪದಲ್ಲಿ ಯಾವ ವ್ಯತ್ಯಾಸವೂ ಇಲ್ಲದಿರುವಾಗ ಅರ್ಥವೊಂದನ್ನೇ ನೆಚ್ಚಿ ವರ್ಗವನ್ನು ಒಡೆದರೆ ಒಂದೇ ವಾಕ್ಯಕ್ಕೆ ಇಬ್ಬರು ಎರಡು ಗುರುತು ಹಚ್ಚುವುದು ಖಂಡಿತ. ಆದ್ದರಿಂದ ಎರಡು ಬಳಕೆಗಳನ್ನೂ ಸಂಖ್ಯಾವಾಚಕವಾಗಿಯೇ ಇರಿಸಿದೆ. ಇದನ್ನು ಒಪ್ಪದವರೂ ಇದ್ದಾರು.

‘ಒಂದು ಹತ್ತು ಜನ ಬಂದಿದ್ದರು’ ಎಂಬುದು ಮಾತ್ರ ಬೇರೆಯೇ ಸಂಗತಿ. ಇಲ್ಲಿ ‘ಒಂದು’ ಎಂಬುದು ‘ಜನ’ ಎಂಬ ಪದಕ್ಕೆ ಸಂಬಂಧಿಸಿಲ್ಲ, ‘ಹತ್ತು’ ಎಂಬುದನ್ನು ಸಡಿಲಗೊಳಿಸುತ್ತಿದೆ. ಅದರ ಸ್ಥಾನದಲ್ಲಿ ‘ಸುಮಾರು’ ಎಂದು ಹಾಕಿದರೂ ವಾಕ್ಯದ ಅರ್ಥ ಕೆಡುವುದಿಲ್ಲ. ಈ ಬಳಕೆಯನ್ನು ಕ್ರಿಯಾವಿಶೇಷಣದ ವರ್ಗಕ್ಕೆ ಸೇರಿಸಿ, ಸಂಖ್ಯೆಯ ವಿಶೇಷಣವಾಗಿ ಜೋಡಿಸಿದೆ.