ಮಸಾರಿ ರಾಡಿಯ ಬಾಟಲಿಯಲ್ಲಿ ಕಡಲ ತಳ

ಕಡಲ ತಳದ ಕೆಸರು ಮೇಲಿನ ನೀರಿನ ಗುಣವನ್ನೇ ಬದಲಿಸುತ್ತದೆ ಎಂದು ಬಾಗಲಕೋಟೆಯ ಪಿಯುಸಿ ಮಕ್ಕಳಿಗೆ ಹೇಳಿದರೆ ಯಾರು ನಂಬುತ್ತಾರೆ? ‘ಅಲ್ರಿ ಸರ, ರಾಡಿ ಏನ್ ಮಾಡತೈತ್ರಿ? ತಳದಾಗ ಸುಮ್ನ ಬಿದ್ದಿರತೈತಿ’ ಎಂದ ಒಬ್ಬ. ತೋರಿಸಿಯೇ ಬಿಡಬೇಕೆನಿಸಿತು.

ಮೊದಲ ಸಲ ನಾನೇ ಎಡವಿದೆ. ಆಲಮಟ್ಟಿ ಹಿನ್ನೀರಿನ ಅಂಚಿನ ಎರಿ ರಾಡಿ ತಂದು ಬಾಟಲಿಗೆ ತುಂಬಿದೆ. ನೋಡಬೇಕಿದ್ದದ್ದು ರಾಡಿ ಕಪ್ಪಾಗುವುದನ್ನು. ಎರಿ ಮೊದಲೇ ಕಪ್ಪು! ಎರಡು ತಿಂಗಳು ದಂಡ. ಆಮೇಲೆ ಬಾದಾಮಿ ಕಡೆಯ ಹಳ್ಳದಿಂದ ಕೆಂಪು ಮಸಾರಿ ರಾಡಿ ತಂದೆ.

ಎರಡು ಬಾಟಲಿ. ಎರಡಕ್ಕೂ ಜೋಳದ ಕಣಿಕೆಯ ಚೂರು ಬೆರೆಸಿದೆ, ಸೂಕ್ಷ್ಮಜೀವಿಗಳಿಗೆ ಅದೇ ಊಟ. ಸಮುದ್ರದ ಲೀಟರ್ ನೀರಿನಲ್ಲಿ ಸುಮಾರು 2.7 ಗ್ರಾಂ ಸಲ್ಫೇಟ್ ಇರುತ್ತದೆ. ಅಷ್ಟಾಗಲೆಂದು ಒಂದು ಬಾಟಲಿಯ ನೀರಿಗೆ ಲೀಟರಿಗೆ 7 ಗ್ರಾಂ ಲೆಕ್ಕದಲ್ಲಿ ಗೊಬ್ಬರದಂಗಡಿಯ ಮೆಗ್ನೀಸಿಯಂ ಸಲ್ಫೇಟ್ ಹಾಕಿದೆ. ಅಡುಗೆ ಉಪ್ಪು ಹಾಕಲಿಲ್ಲ, ಹಳ್ಳದ ಜೀವಿಗಳು ತಾಳಲಿಕ್ಕಿಲ್ಲ ಎಂದು. ಮುಚ್ಚಳ ಸಡಿಲ.

ಮೂರನೇ ವಾರ ಸಲ್ಫೇಟ್ ಬಾಟಲಿಯಲ್ಲಿ ಕಣಿಕೆ ಚೂರುಗಳ ಸುತ್ತ ಕಾಡಿಗೆ ಹಚ್ಚಿದಂಥ ಚುಕ್ಕೆಗಳು ಕಂಡವು. ದಿನ ಕಳೆದಂತೆ ಅವು ಕೂಡಿಕೊಂಡು ರಾಡಿಯೆಲ್ಲ ಕಪ್ಪಾಯಿತು. ನೀರಿಗೆ ತಾಗಿದ ಮೇಲ್ಪದರ ಮಾತ್ರ, ಉಗುರಿನಷ್ಟು ತೆಳ್ಳಗೆ, ಕೆಂಪಾಗಿಯೇ ಉಳಿಯಿತು. ಆಮ್ಲಜನಕ ಇಳಿದದ್ದು ಅಷ್ಟೇ. ಕರಾವಳಿಯ ಕಡಲ ಕೆಸರಿನಲ್ಲೂ ಅದು ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಇಳಿಯುತ್ತದೆ. ಅದು ತೀರಿದರೆ ಜೀವಿಗಳು ಉಸಿರಾಟಕ್ಕೆ ನೈಟ್ರೇಟ್, ಮ್ಯಾಂಗನೀಸ್, ಕಬ್ಬಿಣದ ತುಕ್ಕನ್ನು ಬಳಸುತ್ತವೆ, ನಂತರ ಸಲ್ಫೇಟ್. ಸಲ್ಫೇಟಿನಿಂದ ಹುಟ್ಟುವ ಸಲ್ಫೈಡ್ ಕಬ್ಬಿಣದ ಜೊತೆ ಸೇರಿದಾಗಲೇ ರಾಡಿ ಕಪ್ಪಾಗುವುದು. ತುಕ್ಕು ಕರಗುವಾಗ ಅದಕ್ಕಂಟಿದ್ದ ಫಾಸ್ಫೇಟ್ ಬಿಡುಗಡೆಯಾಗಿ ನೀರಿಗೇರುತ್ತದೆ. ಕಡಲ ಪಾಚಿಗೆ ಅದು ಗೊಬ್ಬರ. ಸಲ್ಫೇಟ್ ಬಳಕೆಯಾದಾಗ ಬೈಕಾರ್ಬನೇಟ್ ಹುಟ್ಟಿ ನೀರಿನ ಕ್ಷಾರತೆ ಹೆಚ್ಚುತ್ತದೆ. ರಾಡಿ ಸುಮ್ಮನೆ ಬಿದ್ದಿರುವುದಿಲ್ಲ.

ಮುಚ್ಚಳ ತೆಗೆದಾಗ ಕ್ಲಾಸೇ ಮೂಗು ಮುಚ್ಚಿತು. ‘ತತ್ತಿ ಕೊಳತಂಗ ನಾರತೈತ್ರಿ!’ ಅದೇ ಹೈಡ್ರೋಜನ್ ಸಲ್ಫೈಡ್. ಮನೆಯವಳ ಹಳೆ ಗೆಜ್ಜೆಯ ಬೆಳ್ಳಿ ಗುಂಡೊಂದನ್ನು ದಾರಕ್ಕೆ ಕಟ್ಟಿ ಬಾಟಲಿಯ ಬಾಯಲ್ಲಿ ಇಳಿಬಿಟ್ಟೆ. ಮರುದಿನ ಕರ್ರಗಾಗಿತ್ತು.

ಕಡೆಗೆ, ಕಿಟಕಿ ತೆರೆದಿಟ್ಟು, ರಾಡಿಯೊಳಗಿನ ನೀರನ್ನು ಸಿರಿಂಜಿನಿಂದ ಎಳೆದು ಸೋಸಿ, ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿ, ಬೇರಿಯಂ ಕ್ಲೋರೈಡ್ ಹನಿಸಿದೆ. ಅದು ವಿಷ, ಹಾಗಾಗಿ ಮಕ್ಕಳ ಕೈಗೆ ಕೊಡಲಿಲ್ಲ. ಸಲ್ಫೇಟ್ ಇದ್ದರೆ ಅದು ನೀರನ್ನು ಬೆಳ್ಳಗೆ ಮಾಡುತ್ತದೆ. ಮೇಲಿನ ನೀರು ಹಾಲಿನಂತೆ ಬೆಳ್ಳಗಾಯಿತು. ರಾಡಿಯ ನೀರು ಮಜ್ಜಿಗೆ ತೊಳೆದ ನೀರಿನಂತೆ ತೆಳು, ಅಲ್ಲಿನ ಸಲ್ಫೇಟನ್ನು ಜೀವಿಗಳು ಬಳಸಿಬಿಟ್ಟಿದ್ದವು. ಸಲ್ಫೇಟ್ ಹಾಕದ ಬಾಟಲಿ? ಅದು ಬೂದಿ ಬಣ್ಣಕ್ಕೆ ತಿರುಗಿತು, ಅಷ್ಟೇ.

ಗೆಜ್ಜೆಯ ಗುಂಡನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಮೊದಲಿನ ಹೊಳಪು ಬರಲಿಲ್ಲ. ಮನೆಯಲ್ಲಿ ಇನ್ನೂ ಹೇಳಿಲ್ಲ.