ಮಳೆಗಾಲದಲ್ಲಿ ಮುರಕಲ್ಲಿನ ಮೇಲೆ ಓಟ

ಕರಾವಳಿಯಲ್ಲಿ ಓಡುವವರು ಜೂನ್ ಬಂದ ಕೂಡಲೇ ಶೂ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಇಲ್ಲದಿದ್ದರೆ ಜಿಮ್ಮಿನ ಟ್ರೆಡ್‌ಮಿಲ್ ಹತ್ತುತ್ತಾರೆ. ನಮ್ಮದು ಮಾತ್ರ ಉಲ್ಟಾ. ಮಾರ್ಚ್‌ನಿಂದ ಮೇವರೆಗೆ ಸೆಕೆಗೆ ಹೆದರಿ ಓಟ ಕಡಿಮೆ ಮಾಡುತ್ತೇವೆ, ಮಳೆ ಸರಿಯಾಗಿ ಹಿಡಿದ ಮೇಲೆ ಮಣಿಪಾಲದ ಸುತ್ತಲಿನ ಕಾಲುದಾರಿಗಳಿಗೆ ಇಳಿಯುತ್ತೇವೆ. ಉಡುಪಿ ಜಿಲ್ಲೆಗೆ ವರ್ಷಕ್ಕೆ 4,000 ಮಿಲಿಮೀಟರಿಗೂ ಜಾಸ್ತಿ ಮಳೆ. ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದುಬಿಡುತ್ತದೆ. ಅಷ್ಟೂ ದಿನ ಮನೆಯಲ್ಲಿ ಕೂತರೆ ವರ್ಷದ ಮೂರನೇ ಒಂದು ಪಾಲು ಹೋಯಿತಲ್ವಾ?

ನಮ್ಮದು ಸಣ್ಣ ಗುಂಪು. ಹೈಸ್ಕೂಲಿನ ಮಾಷ್ಟ್ರು, ಬ್ಯಾಂಕಿನವರು ಇಬ್ಬರು, ಲ್ಯಾಬಿನಲ್ಲಿ ಕೆಲಸ ಮಾಡುವ ಅಕ್ಕ, ಟೊರೊಂಟೊದಲ್ಲಿ ಕೆಲವು ವರ್ಷ ಇದ್ದು ಊರಿಗೆ ವಾಪಸ್ ಬಂದ ಗೆಳೆಯ, ಮತ್ತೆ ನಾನು. ಹಿಂದಿನ ರಾತ್ರಿ ವಾಟ್ಸ್‌ಆ್ಯಪ್‌ನಲ್ಲಿ "ನಾಳೆ ಉಂಟಾ?" ಅಂತ ಒಂದು ಮೆಸೇಜ್. "ಉಂಟು" ಅಂದವರು ಬೆಳಿಗ್ಗೆ ಆರಕ್ಕೆ ಮಣ್ಣಪಳ್ಳದ ಕೆರೆ ಹತ್ತಿರ ಹಾಜರು. ಮಳೆ ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ಆದರೆ ರೆಡ್ ಅಲರ್ಟ್ ಅಂತ ಜಿಲ್ಲಾಧಿಕಾರಿ ಶಾಲೆಗೆ ರಜೆ ಕೊಟ್ಟರೆ ನಮಗೂ ರಜೆ. ಮಾಷ್ಟ್ರಿಗೆ ಆ ಸುದ್ದಿ ಎಲ್ಲರಿಗಿಂತ ಮೊದಲು ಸಿಗುತ್ತದೆ.

ಕೆರೆಗೆ ಒಂದು ಸುತ್ತು ಹಾಕಿ ಮೈ ಬಿಸಿ ಮಾಡಿಕೊಂಡು ಎಂಡ್ ಪಾಯಿಂಟ್ ಕಡೆ ಹೋಗುತ್ತೇವೆ. ಅಲ್ಲಿಂದ ಕೆಳಗೆ ಸ್ವರ್ಣಾ ನದಿ ಕಾಣುತ್ತದೆ. ಬೇಸಿಗೆಯಲ್ಲಿ ಸಪೂರ ಆಗುವ ಅದೇ ನದಿ ಜುಲೈಯಲ್ಲಿ ಕೆಂಪು ನೀರು ತುಂಬಿಕೊಂಡು ದಡ ಮುಟ್ಟಿರುತ್ತದೆ. ಉಡುಪಿ, ಮಣಿಪಾಲಕ್ಕೆ ಕುಡಿಯುವ ನೀರು ಇದರಿಂದಲೂ ಬರುತ್ತದೆ, ಮೇಲೆ ಬಜೆ ಅಣೆಕಟ್ಟಿನಿಂದ. ಆಮೇಲೆ ಗುಡ್ಡದ ಇಳಿಜಾರು, ಗೇರು ಮರಗಳ ನಡುವೆ ಒಂದಷ್ಟು ದೂರ, ಅಡಿಕೆ ತೋಟದ ಬದಿ, ಗದ್ದೆಯ ಹುಣಿ (ಬದು), ಮತ್ತೆ ಏರು.

ಈ ದಾರಿಯಲ್ಲಿ ಜನ ಹೆದರುವುದು ಕೆಸರಿಗೆ. ನನಗೆ ಕೆಸರಿನ ಭಯ ಇಲ್ಲ. ಕಾಲು ಹೂತರೂ ನಿಲ್ಲುತ್ತದೆ, ಬಿದ್ದರೂ ಬಟ್ಟೆ ಮಾತ್ರ ಹಾಳು. ಹೆದರಬೇಕಾದದ್ದು ಪಾಚಿಗೆ. ಮುರಕಲ್ಲು, ಅಂದರೆ ನಮ್ಮ ಕಡೆಯ ಕೆಂಪುಕಲ್ಲು, ಸ್ವಭಾವದಲ್ಲಿ ಒಳ್ಳೆಯದು, ಮೈತುಂಬ ತೂತು, ಒದ್ದೆಯಾದರೂ ಕಾಲಿಗೆ ಹಿಡಿತ ಕೊಡುತ್ತದೆ. ಆದರೆ ಬಿಸಿಲಿಗೆ ತೆರೆದಿಟ್ಟ ಹಳೆ ಕಲ್ಲಿನ ಮೇಲೆ ಕಪ್ಪು ಪದರ ಇರುತ್ತದೆ ನೋಡಿ, ಬೇಸಿಗೆಯಲ್ಲಿ ಅದು ಒಣಗಿ ಸುಮ್ನೆ ಬಣ್ಣದ ಹಾಗೆ ಕಾಣುತ್ತದೆ. ನಾಲ್ಕು ಮಳೆ ಬಿದ್ದ ಮೇಲೆ ಉಬ್ಬಿ ಲೋಳೆಯಾಗುತ್ತದೆ. ಹಾಗಾಗಿ ನಾನು ಬಣ್ಣ ನೋಡಿ ಕಾಲಿಡುತ್ತೇನೆ. ಕಲ್ಲು ಕೆಂಪಾಗಿದ್ದರೆ ಓಟ. ಕಪ್ಪಾಗಿದ್ದರೆ ನಿಧಾನ. ಹಸಿರಾಗಿ ಹೊಳೆಯುತ್ತಿದ್ದರೆ ನಡಿಗೆ, ಅದೂ ಪೂರ್ತಿ ಪಾದ ಊರಿ. ಸಿಮೆಂಟಿನ ಮೆಟ್ಟಿಲು, ಕಾಂಕ್ರೀಟ್ ರಸ್ತೆಯ ನೆರಳಿನ ಬದಿ ಇವು ಇನ್ನೂ ಮೋಸ. ರಸ್ತೆ ಅಂತ ಧೈರ್ಯದಲ್ಲಿ ಇರುತ್ತೇವಲ್ಲ, ಅಲ್ಲೇ ಜಾರುವುದು.

ಶೂ ಬಗ್ಗೆ ತುಂಬ ಜನ ಕೇಳುತ್ತಾರೆ. ಅಡಿಯಲ್ಲಿ ದಪ್ಪ ಹಲ್ಲು ಇರುವ ಟ್ರೈಲ್ ಶೂ ಕೆಸರಿಗೆ, ಒದ್ದೆ ಎಲೆಗೆ ಒಳ್ಳೆಯದು. ಪಾಚಿಯ ಮುಂದೆ ಎಂಥ ಬೆಲೆಯ ಶೂನೂ ಅಷ್ಟಕ್ಕಷ್ಟೆ. ಅಂಗಡಿಯವರು ಇದನ್ನು ಹೇಳುವುದಿಲ್ಲ. ವಾಟರ್‌ಪ್ರೂಫ್ ಶೂ ಬೇಡವೇ ಬೇಡ. ನೀರು ಮೇಲಿನಿಂದ ಒಳಗೆ ಹೋದರೆ ಹೊರಗೆ ಬರಲು ದಾರಿ ಇರುವುದಿಲ್ಲ. ಜಾಲಿ ಬಟ್ಟೆಯ ಶೂ ಆದರೆ ಹತ್ತು ಹೆಜ್ಜೆಗೆ ಅರ್ಧ ನೀರು ಇಳಿದಿರುತ್ತದೆ.

ಟೊರೊಂಟೊ ಗೆಳೆಯ ಅಲ್ಲಿ ಚಳಿಗಾಲದಲ್ಲಿ ಹಿಮದ ದಾರಿಯಲ್ಲಿ ಗುಂಪು ಕಟ್ಟಿಕೊಂಡು ಓಡುತ್ತಿದ್ದವನು. ಹೊಸ ಹಿಮ ಮೆತ್ತಗಿರುತ್ತದೆ, ಅದರ ಅಡಿಯಲ್ಲಿ ಗಟ್ಟಿಯಾದ ಐಸ್ ಕಣ್ಣಿಗೆ ಬೀಳುವುದಿಲ್ಲ, ಜಾರುವುದು ಅಲ್ಲಿ ಅನ್ನುತ್ತಾನೆ. ಅವನು ಕಲಿಸಿದ ಓಟ ನಮ್ಮ ಪಾಚಿಗೂ ಸರಿ ಹೊಂದಿತು. ಹೆಜ್ಜೆ ಸಣ್ಣದು, ಬೇಗ ಬೇಗ. ಪಾದ ಮುಂದಕ್ಕೆ ಚಾಚದೆ ಸೊಂಟದ ಕೆಳಗೇ ಬೀಳಬೇಕು. ಕೈಯಲ್ಲಿ ಮೊಬೈಲ್ ಹಿಡಿಯಬಾರದು, ಎರಡೂ ಕೈ ಖಾಲಿ. ಇಳಿಜಾರಿನಲ್ಲಿ ಹಿಂದಕ್ಕೆ ವಾಲಬಾರದು. ಹೆದರಿಕೆಗೆ ಎಲ್ಲರೂ ವಾಲುವುದು ಹಿಂದಕ್ಕೇ, ಆಗ ಹಿಮ್ಮಡಿ ಮುಂದೆ ಹೋಗಿ ಕೂತುಬಿಡುತ್ತಾರೆ. ಅವನ ಉಳಿದ ಪಾಠ ಇಲ್ಲಿ ನಡೆಯಲಿಲ್ಲ. ಶೂಗೆ ಕಟ್ಟುವ ಮುಳ್ಳಿನ ಸರಪಳಿ ಐಸ್‌ಗೆ ಕಚ್ಚುತ್ತದೆ, ಬರಿ ಕಲ್ಲಿನ ಮೇಲೆ ಜಾರುತ್ತದೆ. ಅಲ್ಲಿ ಬಟ್ಟೆ ಮೇಲೆ ಬಟ್ಟೆ ಹಾಕಬೇಕು, ಇಲ್ಲಿ ಆದಷ್ಟು ಕಡಿಮೆ. ಮಳೆ ಜಾಕೆಟ್ ಹಾಕಿ ಓಡಿದರೆ ಒಳಗಿನ ಬೆವರಿಗೇ ಒದ್ದೆ. ತೆಳು ಬನಿಯನ್, ಚಡ್ಡಿ, ಮುಂದೆ ಅಂಚಿರುವ ಟೊಪ್ಪಿ ಸಾಕು. ಟೊಪ್ಪಿ ಇಲ್ಲದಿದ್ದರೆ ಕಣ್ಣಿಗೆ ಹನಿ ಹೊಡೆದು ನೆಲ ಕಾಣುವುದಿಲ್ಲ. ಮತ್ತೆ ಅವನಿಗೆ ಅಲ್ಲಿ ಬಿದ್ದರೆ ಹಿಮ. ನಮಗೆ ಮುರಕಲ್ಲಿನ ಮೇಲೆ ಬಿದ್ದರೆ ಮೊಣಕಾಲನ್ನು ಹೆರೆಮಣೆಗೆ ಕೊಟ್ಟ ಹಾಗೆ.

ಗುಂಪಿನಲ್ಲಿ ನಿಧಾನ ಓಡುವವರು ಮುಂದೆ. ಜೋರು ಓಡುವವರು ಹಿಂದೆ, ಗೊಣಗಿಕೊಂಡಾದರೂ. ಮಳೆ ಜೋರಾದರೆ ಹಿಂದಿನವರು ಬಿದ್ದ ಸದ್ದು ಮುಂದಿನವರಿಗೆ ಕೇಳಿಸುವುದೇ ಇಲ್ಲ, ಅದಕ್ಕೆ ಈ ಕ್ರಮ. ತೋಡು (ಸಣ್ಣ ಹೊಳೆ) ದಾಟುವ ಕಾಲುಸಂಕ ಬಂದರೆ ಎಲ್ಲರೂ ನಿಲ್ಲಬೇಕು. ಅಡಿಕೆ ಮರದ ಸಂಕ ಆದರೆ ಒಬ್ಬರ ನಂತರ ಒಬ್ಬರು, ಕೈಗೆ ಹಿಡಿ ಇದ್ದರೂ ಓಟ ಇಲ್ಲ. ತೋಡಿನ ನೀರು ಸಂಕದ ಅಡಿ ಮುಟ್ಟಿದ್ದರೆ ಮಾತಿಲ್ಲದೆ ವಾಪಸ್.

ಇನ್ನೊಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ. ಬೇಸಿಗೆಯಲ್ಲಿ ನಡೆದು ನೋಡದ ದಾರಿಗೆ ಮಳೆಗಾಲದಲ್ಲಿ ಹೋಗುವುದಿಲ್ಲ. ಕಾರಣ ಕಲ್ಲಿನ ಕೋರೆಗಳು. ಕೆಂಪುಕಲ್ಲು ಕಡಿದು ಬಿಟ್ಟ ಹಳೆ ಕೋರೆಗಳು ನಮ್ಮ ಪದವುಗಳಲ್ಲಿ, ಅಂದರೆ ಗುಡ್ಡದ ಮೇಲಿನ ಬಯಲುಗಳಲ್ಲಿ, ಬೇಕಾದಷ್ಟು. ಮಳೆಗೆ ಅಂಚಿನವರೆಗೆ ನೀರು ತುಂಬುತ್ತದೆ, ಅಂಚಿನಲ್ಲಿ ಸೊಂಟದೆತ್ತರ ಹುಲ್ಲು. ಗೋಡೆ ನೇರ ಕಡಿದದ್ದು, ಬಿದ್ದರೆ ಹತ್ತಲು ಹಿಡಿ ಸಿಗುವುದಿಲ್ಲ. ಕರಾವಳಿಯ ಪೇಪರ್ ಓದುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗಾಳಿ ಮಳೆಯ ಮರುದಿನ ಕಡಿದು ಬಿದ್ದ ಕರೆಂಟಿನ ತಂತಿಯೂ ಇರುತ್ತದೆ. ಕಂಡರೆ ದೂರದಲ್ಲೇ ನಿಂತು ಕರೆಂಟ್ ಕಂಪನಿ ಮೆಸ್ಕಾಂನ 1912ಕ್ಕೆ ಫೋನ್ ಮಾಡುತ್ತೇವೆ, ಜನ ಬರುವವರೆಗೆ ಒಬ್ಬರು ಅಲ್ಲೇ ಕಾಯುತ್ತಾರೆ.

ಇಷ್ಟೆಲ್ಲ ತಾಪತ್ರಯ ಯಾಕೆ ಅಂದರೆ ಮುರಕಲ್ಲಿನ ಪಾದೆಗಳಿಗಾಗಿ, ಆ ಬಂಡೆಹಾಸುಗಳಿಗಾಗಿ. ಬೇಸಿಗೆಯಲ್ಲಿ ಸುಟ್ಟ ಹಾಗಿರುವ ಬೋಳು ಕಲ್ಲಿನ ಮೇಲೆ ಮಳೆ ಬಿದ್ದರೆ ಗುಂಡಿ ಗುಂಡಿಯಲ್ಲಿ ನೀರು, ಅದರ ಸುತ್ತ ಬೆರಳೆತ್ತರದ ಗಿಡಗಳು. ಒಂದು ಗಿಡದ ಎಲೆ ತುಂಬ ಕೆಂಪು ಕೂದಲು, ಪ್ರತಿ ಕೂದಲಿನ ತುದಿಯಲ್ಲಿ ಅಂಟಿನ ಹನಿ. ಸೊಳ್ಳೆ ಗಾತ್ರದ ಹುಳ ಅದಕ್ಕೆ ಅಂಟಿ ಕಾಲು ಆಡಿಸುತ್ತಿರುತ್ತದೆ. ಡ್ರೊಸೆರಾ ಅಂತ ಅದರ ಹೆಸರು, ಹುಳವನ್ನು ಕರಗಿಸಿ ಹೀರುತ್ತದೆ. ಇದೇ ಮಣಿಪಾಲದ ಮುರಕಲ್ಲಿನ ಬಯಲಿನಲ್ಲಿ ಸಿಕ್ಕ ಪುಟ್ಟ ಕಪ್ಪೆಯೊಂದನ್ನು 2016ರಲ್ಲಿ ವಿಜ್ಞಾನಿಗಳು ಹೊಸ ಪ್ರಭೇದ ಅಂತ ದಾಖಲಿಸಿದರು. ಹೆಸರು ಮೈಕ್ರೊಹೈಲಾ ಲ್ಯಾಟೆರೈಟ್. ಉದ್ದ ಹೆಚ್ಚು ಕಡಿಮೆ 1.6 ಸೆಂಟಿಮೀಟರ್. ಕೂಗು ಕೇಳಿದರೆ ಜೀರುಂಡೆ ಅಂದುಕೊಳ್ಳಬೇಕು. ಇದು ತಿಳಿದ ಮೇಲೆ ನಾವು ನೀರಿನ ಗುಂಡಿಗಳನ್ನು ತುಳಿಯುವುದಿಲ್ಲ, ಬಳಸಿ ಹೋಗುತ್ತೇವೆ. ವೇಗ ಕಡಿಮೆ ಆಗುತ್ತದೆ, ಆಗಲಿ.

ಗದ್ದೆಯಲ್ಲಿ ನೇಜಿ (ಭತ್ತದ ಸಸಿ) ನೆಡುವವರಿಗೆ ನಾವು ಒಳ್ಳೆಯ ತಮಾಷೆ. "ಎಂತ ಮಾರಾಯ್ರೆ, ಯಾರಾದ್ರೂ ಅಟ್ಟಿಸ್ಕೊಂಡು ಬರ್ತಾ ಇದ್ದಾರಾ?" ಅಂತ ಒಬ್ಬರು ಅಜ್ಜಿ ಕೇಳಿದರು. ಇಲ್ಲ ಅಜ್ಜಿ, ಆರೋಗ್ಯಕ್ಕೆ ಅಂದೆ. "ಹಾಗಾದ್ರೆ ಇಲ್ಲಿ ಇಳೀರಿ, ಆರೋಗ್ಯ ನಾವು ಕೊಡ್ತೇವೆ" ಅಂದರು. ಹುಣಿ ಅವರದ್ದು, ಕೇಳಿಯೇ ಹೋಗುತ್ತೇವೆ. ಹೊಸದಾಗಿ ಕೆಸರು ಮೆತ್ತಿದ ಹುಣಿಯ ಮೇಲೆ ಕಾಲಿಡುವುದಿಲ್ಲ.

ಓಟ ಮುಗಿದ ಮೇಲಿನ ಕೆಲಸವೇ ಮುಖ್ಯ, ಹೆಚ್ಚಿನವರು ಅದನ್ನೇ ಬಿಡುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆ ಇಲಿ ಜ್ವರ ಇದ್ದೇ ಇರುತ್ತದೆ. ಇಲಿಯ ಮೂತ್ರ ಸೇರಿದ ನೀರು ಕಾಲಿನ ಸಣ್ಣ ಗಾಯದಿಂದ ಒಳಗೆ ಹೋದರೂ ಸಾಕು. ಗಾಯ ಇದ್ದ ದಿನ ನಾನು ಗದ್ದೆ ಕಡೆ ಹೋಗುವುದಿಲ್ಲ. ಮನೆಗೆ ಬಂದ ಕೂಡಲೇ ಸೋಪು ಹಾಕಿ ತೊಳೆದು, ಬೆರಳ ಸಂದಿ ಒರೆಸಿ ಒಣಗಿಸುತ್ತೇನೆ. ಲ್ಯಾಬಿನ ಅಕ್ಕ ನಮಗೆ ಹೇಳಿಕೊಟ್ಟದ್ದು ಇನ್ನೊಂದುಂಟು. ಈ ಜ್ವರ ಸಾಮಾನ್ಯವಾಗಿ 5ರಿಂದ 14 ದಿನ ಬಿಟ್ಟು ಬರುತ್ತದೆ, ಜೊತೆಗೆ ಮೀನಖಂಡ ವಿಪರೀತ ನೋಯುತ್ತದೆ. ಓಡುವವರು ಅದನ್ನು ಓಟದ ನೋವು ಅಂತ ತಿಳಿದು ಮಾತ್ರೆ ನುಂಗಿ ಮಲಗಿಬಿಡುತ್ತಾರೆ. ಜ್ವರ ಬಂದರೆ ಡಾಕ್ಟರಿಗೆ "ಗದ್ದೆ ನೀರಿನಲ್ಲಿ ಓಡಿದ್ದೆ" ಅಂತ ಬಾಯಿ ಬಿಟ್ಟು ಹೇಳಬೇಕು.

ಆಮೇಲೆ ಶೂ. ಇನ್ಸೋಲ್ ತೆಗೆದು, ಕೆಸರು ತೊಳೆದು, ಒಳಗೆ ಹಳೆ ಪೇಪರ್ ತುರುಕಿ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸಿ ಫ್ಯಾನಿನ ಅಡಿ ಇಡುತ್ತೇನೆ. ಬಚ್ಚಲು ಒಲೆಯ ಹತ್ತಿರ ಇಟ್ಟರೆ ಬೇಗ ಒಣಗುತ್ತದೆ ನಿಜ, ಆದರೆ ಗಮ್ ಬಿಟ್ಟು ಸೋಲ್ ಬಾಯಿ ತೆರೆಯುತ್ತದೆ. ಆಷಾಢದ ಮಳೆಗೆ ಎರಡು ದಿನವಾದರೂ ಪೂರ್ತಿ ಒಣಗದು. ಹಾಗಾಗಿ ದುಬಾರಿ ಒಂದು ಜೊತೆಗಿಂತ ಸಾಧಾರಣ ಬೆಲೆಯ ಎರಡು ಜೊತೆ ಇಟ್ಟುಕೊಳ್ಳುವುದು ವಾಸಿ.